ಏಳನೇ ನಂಬರಿನ ಜೀರ್ಜಿಂಬೆ

ಯಂತ್ರದ ಮುಖವನ್ನು ಯಾರಾದರೂ ಸೆರಗಿನಿಂದ ಒರೆಸುತ್ತಾರೆಯೇ? ನನ್ನ ಹೆಂಡತಿ ಹುಲಿಗೆವ್ವ ಒರೆಸುತ್ತಾಳೆ. ಗೋವಾದ ವಾಸ್ಕೋದಲ್ಲಿ ಹಡಗು ರಿಪೇರಿ ಮಾಡುವ ಕಡೆ ನಮ್ಮಿಬ್ಬರಿಗೂ ಒಂದೇ ಕೆಲಸ, ಜೀರ್ಜಿಂಬೆ ಯಂತ್ರಗಳನ್ನು ನೋಡಿಕೊಳ್ಳುವುದು. ಊರಲ್ಲಿ ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆವಲ್ಲ, ಅದೇ ಹುಳದ ಆಕಾರ. ಗಾತ್ರ ಮಾತ್ರ ಕುರಿಮರಿಯಷ್ಟು. ಹಡಗಿನ ಮೈಗೆ ಅಂಟಿ, ಬೆನ್ನಿನ ಚಿಪ್ಪು ತೆರೆದು, ಒಳಗಿನ ರೆಕ್ಕೆಯಿಂದ ಬಿಸಿಲು ಕುಡಿಯುತ್ತಾ ತುಕ್ಕು ಕೆರೆಯುತ್ತವೆ.

ಏಳನೇ ನಂಬರಿನದೆಂದರೆ ಇವಳಿಗೆ ಪ್ರಾಣ. ಹೋದ ವರ್ಷ ಕಾಲ ಕೆಳಗಿನ ಹಲಗೆ ಜಾರಿದಾಗ ಇವಳ ಸೊಂಟದ ಹಗ್ಗವನ್ನು ಕಚ್ಚಿ ಹಿಡಿದದ್ದು ಅದೇ.

“ಹುಚ್ಚೀ, ಅದು ತಗಡ,” ಎಂದು ನಾನು ದಿನಾ ರೇಗುತ್ತಿದ್ದೆ.

ಮಳೆಗಾಲ ಮುಗಿದು ತಿಂಗಳಾಗಿತ್ತು. ಸುಡುಬಿಸಿಲಿದ್ದರೂ ಏಳನೆಯದು ಎರಡಾಳೆತ್ತರಕ್ಕೇ ಸುಸ್ತಾಗಿ ನಿಲ್ಲತೊಡಗಿತು. ಒಂದು ಬೆಳಿಗ್ಗೆ ಸೂಪರ್‌ವೈಸರ್ ಸೋಫಿಯಾಬಾಯಿ ತನ್ನ ಅರೆಬರೆ ಕನ್ನಡದಲ್ಲಿ ಹೇಳಿಬಿಟ್ಟಳು: “ಮಾನಪ್ಪಾ, ಹನ್ನೆರಡು ಗಂಟೆಗೆ ಇದು ಮ್ಯಾಲೆ ಏರಬೇಕು. ಇಲ್ಲ, ಗುಜರಿಗೆ.”

ಹುಲಿಗೆವ್ವನ ಕಣ್ಣು ತುಂಬಿತು. ಜೀರ್ಜಿಂಬೆಯನ್ನು ಕೆಳಗಿಳಿಸಿಕೊಂಡು, ತಾನು ಎಂದೂ ಮುಟ್ಟದ ಚಿಪ್ಪನ್ನು ಎತ್ತಿ ನೋಡಿದಳು. ರೆಕ್ಕೆಯ ತುಂಬ ವಿಭೂತಿ! ಉಪ್ಪುಗಾಳಿಗೆ ಪದರ ಪದರವಾಗಿ ಗಟ್ಟಿಯಾಗಿತ್ತು. ಮೂರು ಬೆರಳಿನ ಗೆರೆ, ಮೂರನೆಯದು ಅರ್ಧ. ಅವಳು ನನ್ನ ಹಣೆ ನೋಡಿದಳು. ನನ್ನ ಉಂಗುರಬೆರಳು ಮೊಂಡು, ಹಣೆಯ ಮೇಲೂ ಮೂರನೇ ಗೆರೆ ಅರ್ಧವೇ.

“ನಾನ ಹಚ್ಚಿದ್ದು,” ಎಂದೆ. “ಅವತ್ತ ನೀ ಬಿದ್ದಿದ್ರ ನನ್ನ ಜೀವಾನ ಹೋಗ್ತಿತ್ತು. ದಿನಾ ನೀ ಬರೂಕಿಂತ ಮೊದ್ಲ ಹಚ್ಚತಿದ್ದೆ. ವಿಭೂತಿ ಅಳಸಬಾರದಂತ ಒರಸಲಿಲ್ಲ. ಮಳ್ಯಾಗ ತಾನ ತೊಳದ ಹೋಗ್ತಿತ್ತು.”

“ಬಿಸಲ ಕುಡದ ಬದುಕೂ ಕೂಸದು! ಉಣ್ಣೂ ಬಾಯಿನ ಮುಚ್ಚೀರಲ್ರೀ, ಅಯ್ಯ ನನ್ನ ಶಿವನ!” ಎಂದು ಬೈದಳು. ಬೈಯುತ್ತಲೇ ಸೆರಗಿನ ಒಂದು ತುದಿ ಒದ್ದೆ ಮಾಡಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಕೂತು ತಿಕ್ಕಿದೆವು.

ಹನ್ನೆರಡರ ಭೋಂಗಾ ಕೂಗುವಾಗ ಏಳನೆಯದು ಹಡಗಿನ ತುದಿಯಲ್ಲಿತ್ತು. ಸೋಫಿಯಾಬಾಯಿ ಆಗಲಿ ಎಂಬಂತೆ ತಲೆಯಾಡಿಸಿ ಹೋದಳು. ನನಗೋ ಅಳು ಬಂದೇಬಿಟ್ಟಿತು, ಬೆವರೆಂದು ಒರೆಸಿಕೊಂಡೆ.

ಮರುದಿನ ಬೆಳಿಗ್ಗೆ ಹುಲಿಗೆವ್ವ ಅದನ್ನು ಅಂಗಾತ ಮಲಗಿಸಿ ನನ್ನನ್ನು ಕರೆದಳು. “ಹೊಟ್ಟಿಗಿ ಹಚ್ಚರಿ. ಅಲ್ಲಿ ಬಿಸಲ ಬೀಳೂದಿಲ್ಲ.”

ಹಚ್ಚಿದೆ. ಬೆರಳಲ್ಲಿ ಇನ್ನೂ ವಿಭೂತಿ ಉಳಿದಿತ್ತು. ಕೆಲಸದವರೆಲ್ಲ ನೋಡುತ್ತಿದ್ದಂತೆಯೇ ಅವಳ ಹಣೆಗೂ ಹಚ್ಚಿದೆ.