ನಡುವಿನ ತಾಳು

ಬಿತ್ತುವ ಕೂರಿಗೆಯ ಬಟ್ಟಲಿಗೆ ಭತ್ತ ಬಿಡುತ್ತಿದ್ದ ವೀರವ್ವ ಹಲ್ಲು ಕಚ್ಚಿದಳು. ಬಟ್ಟಲಿನ ತಳದಿಂದ ಮೂರು ತಾಳುಗಳಲ್ಲಿ, ಎಂದರೆ ಬಿದಿರಿನ ಕೊಳವೆಗಳಲ್ಲಿ, ಬೀಜ ಒಂದೇ ಸಮನೆ ಇಳಿಯಬೇಕಾದರೆ ಮುಷ್ಟಿ ಸಣ್ಣಗೆ ಅತ್ತಿಂದಿತ್ತ ತಿರುಗುತ್ತಲೇ ಇರಬೇಕು. ಆ ತಿರುವಿನ ನಡುವೆ ಮಣಿಕಟ್ಟಿನ ನೋವು ಮೊಳಕೈ ತನಕ ಹರಿಯುತ್ತಿತ್ತು. ಹಿಂದಿನ ದಿನ ಬಣವೆಯಿಂದ ಹುಲ್ಲು ಹಿರಿಯುವಾಗ ಏಣಿ ಜಾರಿ, ಬಲಗೈ ಊರಿ ಬಿದ್ದಿದ್ದಳು. ಬಾವು ಕಾಣದಂತೆ ಸೆರಗು ಸುತ್ತಿಕೊಂಡೇ ಹೊಲಕ್ಕೆ ಬಂದಿದ್ದಳು.

ಬೀಜದ ಬುಟ್ಟಿ ಹೊತ್ತು ಹಿಂದೆ ಬರುತ್ತಿದ್ದ ಸೊಸೆ ಹಾಲವ್ವನ ಕಣ್ಣಿಗೆ ಸೆರಗಿನಡಿಯ ಬಾವು ಬಿತ್ತು.

"ಅತ್ತೀ, ನಾ ಬಿತ್ತತೇನಿ, ಬಿಡ್ರಿ."

"ಸುಮ್ನ ಬಾ. ನಡು ಹೊಲದಾಗ ಕೈ ಬದಲಿ ಮಾಡ್ತಾರೇನ?"

ಅದು ಆ ಮನೆಯ ರೂಢಿ. ಬಟ್ಟಲಿಗೆ ಮೊದಲ ಹಿಡಿ ಹಾಕಿದವಳೇ ಆ ಹೊಲ ಮುಗಿಸಬೇಕು. ಮದುವೆಯಾಗಿ ಆಡೂರಿಗೆ ಬಂದ ಮೇಲೆ ವೀರವ್ವ ಆ ಮೊದಲ ಹಿಡಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದೇ ಇಲ್ಲ. ಅವಳು ಬಿತ್ತಿದ ಸಾಲು ನೂಲು ಹಿಡಿದಂತಿರುತ್ತದೆ ಎಂದು ಓಣಿಯ ಹೆಂಗಸರು ಹೇಳುತ್ತಿದ್ದರು. ಅವರು ಮರೆತರೆ ಅವಳೇ ನೆನಪು ಮಾಡಿಕೊಡುತ್ತಿದ್ದಳು.

ಸಂಜೆ ಹೊತ್ತಿಗೆ ಕೆರೆ ಕೆಳಗಿನ ಹೊಲ ಮುಗಿಯಿತು. ಮನೆಗೆ ಬಂದು ರೊಟ್ಟಿ ಮುರಿಯಲು ಹೋದರೆ ಬೆರಳು ಮಾತು ಕೇಳಲಿಲ್ಲ. ಗಂಡ ಅಜ್ಜಪ್ಪನಿಗೆ ಗೊತ್ತಾದದ್ದೇ ಆಗ. ಅವನು ಬೈಯಲಿಲ್ಲ. ಬೆಳಗಾಗುತ್ತಲೇ ಸವಣೂರಿಗೆ, ಎಲುಬು ಕಟ್ಟುವ ಮಕ್ತುಮಸಾಬನ ಮನೆಗೆ ಕರೆದುಕೊಂಡು ಹೊರಟ. ಮಹಾಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಓಡುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ನಿಂತು ದಮ್ಮು ತೆಗೆದುಕೊಳ್ಳುತ್ತಿತ್ತು.

"ನೋಡ, ಬಸ್ಸಿಗೂ ತನ್ನ ಜೀವದ ಖಬರ ಐತಿ," ಎಂದ ಅಜ್ಜಪ್ಪ. ವೀರವ್ವ ಮುಖ ಆಚೆ ತಿರುಗಿಸಿದಳು.

ಮಕ್ತುಮಸಾಬ ಮಣಿಕಟ್ಟು ಒತ್ತಿ ನೋಡಿದ. "ಎಲುಬು ಬಿರುಕು ಬಿಟ್ಟೈತಿ ಯಕ್ಕಾ. ತತ್ತಿ ಬಿಳಿ ಹಚ್ಚಿ ಕಟ್ತಿದ್ದೆ, ನಿಮಗ ನಡಿಯಂಗಿಲ್ಲ. ಉದ್ದಿನ ಹಿಟ್ಟು ಹಚ್ತೇನಿ." ಹಿಟ್ಟು ಬಳಿದು, ಬಿದಿರಿನ ಸೀಳು ಇಟ್ಟು, ಅರಿವೆ ಸುತ್ತಿದ. "ಇದು ತಾನ ಬಿರಿದು ಉದರಬೇಕ್ರಿ. ನೀವ ಬಿಚ್ಚಿದ್ರ ಮುಂದ ಈ ಕೈ ಮುಷ್ಟಿ ಹಿಡಿಯಂಗಿಲ್ಲ."

"ಇನ್ನೊಂದು ಹೊಲ ಉಳದೈತಲ್ಲೋ ಅಪ್ಪಾ?"

"ಹೊಲ ಎಲ್ಲಿ ಹೊಕ್ಕೈತ್ರಿ," ಎಂದು ಅವನು ಗಂಟು ಬಿಗಿದ.

ಹತ್ತು ಹನ್ನೆರಡು ದಿನ ಕಳೆದು ಒಂದು ಹದ ಮಳೆ ಬಂತು. ಮೇಲಿನ ಹೊಲ ಬಿತ್ತುವ ದಿನ ವೀರವ್ವ ಎಲ್ಲರಿಗಿಂತ ಮೊದಲೇ ಮನೆ ಬಿಟ್ಟಳು. ನೋವು ಇಳಿದಿತ್ತು, ಬೆರಳು ಆಡುತ್ತಿದ್ದವು. ಇದೊಂದು ದಿನ ಬಿಚ್ಚಿ ಮತ್ತೆ ಕಟ್ಟಿಕೊಂಡರೆ ಆಕಾಶವೇನು ಕಳಚಿ ಬೀಳುತ್ತದೆ? ಕೆರೆ ಏರಿಯ ಮೇಲೆ ನಿಂತು ಅರಿವೆಯ ಗಂಟನ್ನು ಹಲ್ಲಿನಿಂದ ಸಡಿಲಿಸುತ್ತ ಕೆಳಗೆ ನೋಡಿದಳು.

ಭತ್ತ ಮೊಳೆತಿತ್ತು. ಎರಡು ಸಾಲು ಹಸಿರು, ಒಂದು ಬೋಳು. ಮತ್ತೆ ಎರಡು ಹಸಿರು, ಒಂದು ಬೋಳು. ಆಚೆ ಬದುವಿನ ತನಕ ಹಾಗೆಯೇ ಇತ್ತು. ನೋವಿಗೆ ಹೆದರಿದ ಕೈ ಅತ್ತಿಂದಿತ್ತ ಹಾರಿ, ದಿನವಿಡೀ ನಡುವಿನ ತಾಳಿಗೆ ಬೀಜವನ್ನೇ ಕೊಟ್ಟಿರಲಿಲ್ಲ. ವೀರವ್ವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಹದವಾಗಿ ನೆನೆದೂ ಖಾಲಿ ಬಿದ್ದ ಆ ಮಣ್ಣಿನ ಮೇಲೆ ಮರುಕ ಹುಟ್ಟಿತು. ಆಮೇಲೆ ಅದೇ ಹಲ್ಲಿನಿಂದ ಗಂಟು ಬಿಗಿದುಕೊಂಡಳು.

ಮೇಲಿನ ಹೊಲದಲ್ಲಿ ಅಜ್ಜಪ್ಪ ಕೂರಿಗೆ ಹೂಡಿ ನಿಂತಿದ್ದ. ಮೊದಲ ಹಿಡಿಗಾಗಿ ಎಲ್ಲರೂ ಅವಳ ಕಡೆ ನೋಡಿದರು.

"ಹಾಲವ್ವಾ, ನೀ ಹಾಕು."

"ಅತ್ತೀ, ಮೊದಲ ಹಿಡಿ ಹಾಕಿದ್ರ ಇಡೀ ಹೊಲ ನಾನ ಮುಗಸಬೇಕಾಗತೈತ್ರಿ."

"ಅದಕ್ಕ ಹೇಳಾಕತ್ತೇನಿ. ನಡುವಿನ ತಾಳಿಗೆ ಬಂದಾಗ ಒಂದೀಟು ಕೈ ತಡಿ. ಗಡಿಬಿಡಿ ಮಾಡಬ್ಯಾಡ."

ಅಜ್ಜಪ್ಪ ಹೆಂಡತಿಯ ಮುಖ ನೋಡಿ, ಏನೂ ಆಗಿಲ್ಲವೆಂಬಂತೆ ಎತ್ತುಗಳನ್ನು ಹೊಡೆದ. ವೀರವ್ವ ಮಾವಿನ ನೆರಳಿಗೆ ಹೋಗಿ ಕುಳಿತಳು. ಬಿತ್ತುವುದನ್ನು ಅವಳು ಎಂದೂ ಕುಳಿತು ನೋಡಿದವಳಲ್ಲ. ಸೊಸೆಯ ಮುಷ್ಟಿ ತಿರುಗಿದಾಗಲೆಲ್ಲ ತನ್ನ ಕಟ್ಟಿದ ಕೈಯೂ ಮಡಿಲಲ್ಲಿ ತಿರುಗಲು ನೋಡುತ್ತಿತ್ತು. ಇಷ್ಟು ಚೆಂದದ ಕೆಲಸವನ್ನೇ ತಾನು ಇಷ್ಟು ದಿನ ಮಾಡಿದೆನೇ ಎಂದು ಅವಳಿಗೆ ಹಿಗ್ಗಾಯಿತು.

ಮೇಲಿನ ಹೊಲ ಹಸಿರಾದಾಗ, ನೆರೆಹೊಲದ ಶೇಖವ್ವ ಬದುವಿನ ಮೇಲೆ ನಿಂತು ಮೆಚ್ಚಿದಳು. "ಸಾಲು ನೋಡಿದ್ರ ಗೊತ್ತಾಗತೈತಿ ಬಿಡ ವೀರವ್ವಾ, ನಿನ್ನ ಕೈಯಂತ."

"ಇದು ನನ್ನ ಸೊಸಿ ಕೈ. ನಂದು ಕೆರಿ ಕೆಳಗೈತಿ. ಹೋಗಿ ನೋಡು, ನಗಿ ಬರತೈತಿ."

ಶೇಖವ್ವ ನಂಬದೆ ನಗುತ್ತ ಹೋದಳು. ವೀರವ್ವನ ಮಣಿಕಟ್ಟಿನ ಪಟ್ಟಿ ಒಂದು ಅಂಚಿನಲ್ಲಿ ಬಿರಿದಿತ್ತು. ಒಣಗಿದ ಹಿಟ್ಟಿನ ಚಕ್ಕೆಯೊಂದು ಅರ್ಧ ಎದ್ದು ನಿಂತಿತ್ತು. ಕಿತ್ತು ಹಾಕಲು ಎಡಗೈಯ ಉಗುರು ಅಲ್ಲಿಯ ತನಕ ಹೋಯಿತು. ಅವಳು ಅದರ ಮೇಲೆ ಸೆರಗು ಎಳೆದುಕೊಂಡು, ಬದುವಿನ ಮೇಲೆ ಕಾಲು ಚಾಚಿ ಕುಳಿತಳು.