ಸೋಸಿದ ಮೇಲೆ ಉಳಿದದ್ದು

“ಚೆಲ್ಲಬ್ಯಾಡ.”

ಅತ್ತೆ ಲಕ್ಷ್ಮಿಬಾಯಿಯ ದನಿ ದೇವರ ಕೋಣೆಯಿಂದ ಬಂತು. ಅಲ್ಲಿಂದ ಬಚ್ಚಲು ಕಾಣುವುದಿಲ್ಲ. ಆದರೂ ಚಂದ್ರಮತಿಯ ಕೈಯಲ್ಲಿದ್ದ ತಂಬಿಗೆ ಬಚ್ಚಲ ಕಡೆ ವಾಲಿದ್ದು ಅವರಿಗೆ ಹೇಗೋ ತಿಳಿದಿತ್ತು.

“ಚೆಲ್ಲಾಕತ್ತಿಲ್ರಿ,” ಎಂದು ತಂಬಿಗೆಯನ್ನು ಮತ್ತೆ ಕಿಟಕಿಯಲ್ಲಿಟ್ಟಳು.

ನೀರನ್ನು ಸೋಸದೆ ಕುಡಿಯದ ಜೈನರ ಮನೆ. ಸೋಸಿದ ಬಟ್ಟೆಯಲ್ಲಿ ನಿಲ್ಲುವ, ಕಣ್ಣಿಗೆ ಕಾಣದ ಜೀವಗಳನ್ನು ಎಲ್ಲೆಂದರಲ್ಲಿ ಜಾಡಿಸುವಂತಿಲ್ಲ. ಬಟ್ಟೆಯನ್ನು ಸೋಸಿದ ನೀರಿನಲ್ಲೇ ತೊಳೆದು, ಅವು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಮರಳಿಸಬೇಕು. ಹಿತ್ತಲಲ್ಲಿ ಬಾವಿ ಇದ್ದಾಗ ಅತ್ತೆ ಆ ತೊಳೆದ ನೀರನ್ನು ಚಿಕ್ಕ ಕೊಡದಲ್ಲಿ ಇಳಿಸಿ, ಬಾವಿಯ ನೀರಿಗೆ ತಾಗಿದ ಮೇಲೆ ಮೆಲ್ಲಗೆ ಬೋರಲು ಮಾಡುತ್ತಿದ್ದರು. ಬಾವಿ ಬತ್ತಿ ನಳ ಬಂದ ಮೇಲೆ ತೊಡಕಾಯಿತು.

ನಳದ ನೀರು ಎಲ್ಲಿಂದ ಬರುತ್ತದೆ ಎಂದು ಅತ್ತೆ ಕೇಳಿದ್ದರು. ಹೊಳೆಯಿಂದ, ಅಂದಿದ್ದಳು ಚಂದ್ರಮತಿ. ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು, ಸುಮ್ಮನೆ ಗೊತ್ತಿಲ್ಲ ಎನ್ನಬಹುದಿತ್ತು. ಅಂದಿನಿಂದ ತೊಳೆದ ನೀರು ತಂಬಿಗೆಯಲ್ಲಿ ಕೂಡತೊಡಗಿತು. ಅತ್ತೆಯ ತವರು ಜುಗೂಳ, ಕೃಷ್ಣೆಯ ದಂಡೆಯ ಊರು. ಅಲ್ಲಿಗೆ ಹೋಗುವವರು ಯಾರಾದರೂ ಸಿಕ್ಕರೆ ತಂಬಿಗೆ ಅವರ ಜೊತೆ ಹೋಗಿ ಖಾಲಿಯಾಗಿ ಬರುತ್ತಿತ್ತು. ಅವರು ಅದನ್ನು ಹೊಳೆಗೆ ಬಿಟ್ಟರೋ ಬಸ್‌ಸ್ಟ್ಯಾಂಡಿನ ಗಟಾರಕ್ಕೆ ಸುರಿದರೋ, ಯಾರೂ ಕೇಳುತ್ತಿರಲಿಲ್ಲ. ಈ ಸಲ ಬಹಳ ದಿನಗಳಿಂದ ಯಾರೂ ಸಿಕ್ಕಿರಲಿಲ್ಲ.

“ಬಸ್ಸಿನ್ಯಾಗ ಅವಕ್ಕೂ ಅರ್ಧಾ ಟಿಕೀಟ ತಗಸಬೇಕೇನವ್ವಾ?” ಚಂದ್ರಮತಿಯ ಗಂಡ ನೇಮಿನಾಥ ಚಪ್ಪಲಿ ಮೆಟ್ಟುತ್ತ ಅಂದ.

“ನಗು. ನಿನಗ ಎಲ್ಲಾ ನಗಿನs,” ಅಂದರು ಅತ್ತೆ.

ಅವನು ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋದರೆ ಹೊತ್ತು ಮುಳುಗಿದ ಮೇಲೆ ಬರುವವನು. ಹೊತ್ತು ಮುಳುಗಿದ ಮೇಲೆ ಈ ಮನೆಯಲ್ಲಿ ಉಣ್ಣುವುದಿಲ್ಲ. ಅಲ್ಲೇ ಸಂಜೆಯೊಳಗೆ ಏನಾದರೂ ತಿಂದು ಬರುತ್ತಾನೆ. ಮದುವೆಯಾದಾಗಿನಿಂದ ಭಾನುವಾರ ಬಿಟ್ಟರೆ ಗಂಡನ ಎಲೆಗೆ ಬಡಿಸಿದ ನೆನಪು ಚಂದ್ರಮತಿಗೆ ಇಲ್ಲ.

“ಇವತ್ತಲ್ಲ ನಿನ್ನ ಪರೀಕ್ಷಾ?”

“ಮಂಗಲಾಂದು.”

“ಅದನ್ನs ಅಂದ್ನಿ.” ಒಂದು ಕ್ಷಣ ನಿಂತ. “ನಾನೂ ಬರ್ತಿದ್ನಿ. ಲಾರಿ ತುಂಬೂದೈತಿ ಇವತ್ತ.”

ಪ್ರತಿ ಸಲವೂ ಲಾರಿ ತುಂಬುವುದಿರುತ್ತದೆ. ಅವಳು ತಲೆಯಾಡಿಸಿದಳು. ಅವನಿಗೆ ಅಷ್ಟು ಸಾಕಾಯಿತು.

ಒಳಗೆ ಮಗಳು ಮಂಗಲಾ ಗೋಡೆಗೆ ಬೆನ್ನು ಹಚ್ಚಿ ಪಾಟಿ ತೊಡೆಯ ಮೇಲಿಟ್ಟು ಕುಳಿತಿದ್ದಳು. ಒಂಬತ್ತು ವರ್ಷ. ಎಂಬತ್ತೇಳರಲ್ಲಿ, ಎರಡನೇ ಇಯತ್ತೆಯಲ್ಲಿದ್ದಾಗ, ಶಾಲೆಯ ಗೇಟು ಕಂಡರೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಡಾಕ್ಟರು ಕೂಡ ಏನೂ ಇಲ್ಲ ಅಂದರು. ನಾಲ್ಕು ದಿನ ಮನೆಯಲ್ಲಿರಲಿ ಅಂದುಕೊಂಡದ್ದು ಎರಡು ವರ್ಷವಾಯಿತು. “ನೀ ಬಿ.ಎ. ಆಗಿ ಕುಂತೀಯಲ್ಲ, ನೀನs ಕಲಸು,” ಅಂದಿದ್ದ ನೇಮಿನಾಥ. ಹೊಗಳಿದನೋ ಹಂಗಿಸಿದನೋ ಅವಳಿಗೆ ಇಂದಿಗೂ ಗೊತ್ತಾಗಿಲ್ಲ. ಆದರೆ ಆ ದಿನ ಎದೆಯಲ್ಲಿ ಏನೋ ಅರಳಿದ್ದು ನಿಜ.

ದೇವರ ಗಂಟೆ ಬಾರಿಸಿದರೆ ಮನೆ ಶಾಲೆಯಾಗುತ್ತಿತ್ತು. ಅಲ್ಲಿಂದ ಮುಂದೆ ಅವಳು ಅವ್ವ ಅಲ್ಲ, ಅಕ್ಕೋರು. ಮೊದಲು ಹಾಜರಿ. “ಮಂಗಲಾ ನೇಮಿನಾಥ.” “ಹಾಜರ್ರಿ ಅಕ್ಕೋರ.” ಇದ್ದ ಒಂದೇ ಹೆಸರನ್ನು ಕೂಗಿ ಮುಗಿಸಿದ ಮೇಲೆ ಒಂದು ಮೌನ ಬೀಳುತ್ತಿತ್ತು. ಆ ಮೌನದಲ್ಲಿ ಇನ್ನೂ ಯಾರೋ ಇದ್ದಾರೆ ಎಂಬಂತೆ ಇಬ್ಬರೂ ಕಾಯುತ್ತಿದ್ದರು. ಆಮೇಲೆ ರೊಟ್ಟಿ ಬಡಿಯುತ್ತ ಮಗ್ಗಿ, ಕಾಳು ಆರಿಸುತ್ತ ನದಿಗಳು, ಅತ್ತೆಯ ಮಧ್ಯಾಹ್ನದ ನಿದ್ದೆಯಲ್ಲಿ ಶುದ್ಧಬರಹ. ಗಂಟೆ ಮತ್ತೆ ಬಾರಿಸಿದರೆ ಅವ್ವ.

ಓಣಿಯ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಕಿಟಕಿ ಮುಚ್ಚಬೇಕಾಗುತ್ತಿತ್ತು. ಮಂಗಲಾಳಿಗಾಗಿ ಅಂತ ಅತ್ತೆಗೆ ಹೇಳಿದ್ದಳು.

ಇವತ್ತು ಹೆಡ್‌ಮಾಸ್ತರ ವಿರುಪಾಕ್ಷಪ್ಪ ನಾಲ್ಕು ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳಿದರೆ ಮಂಗಲಾ ತನ್ನ ವಾರಿಗೆಯವರ ಜೊತೆ ನಾಲ್ಕನೇ ಇಯತ್ತೆಯಲ್ಲಿ ಕೂರುತ್ತಾಳೆ. ಹೇಳದಿದ್ದರೆ ಇಲ್ಲ. ಹೇಳದಿದ್ದರೆ ಏನು ಎಂಬುದನ್ನು ಚಂದ್ರಮತಿ ರಾತ್ರಿಯೆಲ್ಲ ಯೋಚಿಸಿರಲಿಲ್ಲ. ಹೇಳಿಬಿಟ್ಟರೆ ಏನು ಎಂದೇ ಯೋಚಿಸಿದ್ದಳು. ನಾಳೆ ಮಂಗಲಾ ಹೋದ ಮೇಲೆ ಈ ಕೋಣೆ, ಈ ಗೋಡೆ, ಗೋಡೆಗೆ ಹಚ್ಚಿದ ವೇಳಾಪತ್ರಿಕೆ. ಹಾಜರಿ ಕರೆದರೆ ಓಗೊಡುವವರಿಲ್ಲ. ಮಗು ಪಾಸಾಗಲಿ ಎಂದು ಹರಕೆ ಹೊತ್ತಾಗ ಮನಸ್ಸು ಇನ್ನೊಂದು ಬಾಯಿಂದ ಏನೋ ಪಿಸುಗುಟ್ಟಿತ್ತು. ಅದನ್ನು ಅವಳು ಕೇಳಿಸಿಕೊಳ್ಳಲಿಲ್ಲ.

“ಏಳೆಂಟಲೆ?” ಗಂಟೆ ಬಾರಿಸಿ ಬಂದು ಜಡೆ ಹೆಣೆಯುತ್ತ ಕೇಳಿದಳು.

ಮಂಗಲಾ ಎದುರಿನ ಕನ್ನಡಿಯಲ್ಲಿ ಅವಳ ಮುಖ ನೋಡಿದಳು. “ಐವತ್ತಾರು.”

“ಕೃಷ್ಣಾ ಎಲ್ಲಿ ಹುಟ್ಟತಾಳ?”

“ಮಹಾಬಳೇಶ್ವರ.”

ಎಲ್ಲ ಬರುತ್ತದೆ. ಎಲ್ಲ ಬರುತ್ತದೆ ಎಂಬುದೇ ಯಾಕೋ ಸಂಕಟವಾಯಿತು.

ಓಣಿಯ ತಿರುವಿನಲ್ಲಿ ಕಾಕಾಸಾಹೇಬನ ಕಿರಾಣಿ ಅಂಗಡಿ. ಅವನು ತಕ್ಕಡಿ ಬಿಟ್ಟು ಕತ್ತು ಹೊರಗೆ ಚಾಚಿದ.

“ಅರೆ, ಮಂಗಲಾಬಾಯಾರ ಸವಾರಿ ಎತ್ತ ಹೊಂಟೈತಿ? ಸಾಲೀಗೇನು?”

“ನಮ್ಮವ್ವನ್ನ ಕೇಳ್ರಿ,” ಅಂದಳು ಮಂಗಲಾ, ನೆಲ ನೋಡುತ್ತ.

“ಹೊಸಾ ಲಂಗಾ ಹಾಕ್ಕೊಂಡೀಯಲ್ಲ. ಯಾರ ಕೊಡಿಸಿದ್ರು?”

“ನಮ್ಮವ್ವನ್ನ ಕೇಳ್ರಿ.”

“ಶಾಣೇ ಐತಿ ಹುಡಿಗಿ,” ಅವನು ನಕ್ಕ. “ವಕೀಲರ ಮುಂದ ಸೈತ ಬಾಯಿ ಬಿಡಾಂಗಿಲ್ಲ ಇದು. ಕೋರ್ಟಿನ್ಯಾಗ ಸಾಕ್ಷೀಗೆ ನಿಂದರಸ್ರಿ ಅಕ್ಕಾರ.”

ಚಂದ್ರಮತಿಯೂ ನಕ್ಕಳು. ಆ ಮಾತು ಅವಳೇ ಕಲಿಸಿದ್ದು. ಶಾಲೆ ಬಿಡಿಸಿದ ಹೊಸತರಲ್ಲಿ ಓಣಿಯವರು ಮಗುವನ್ನು ಹಿಡಿದು ನಿಲ್ಲಿಸಿ ಯಾಕ, ಏನ, ಏನ ಬ್ಯಾನಿ, ತಲಿ ಸರಿ ಐತಿಲ್ಲೋ ಎಂದು ಕೆದಕುತ್ತಿದ್ದರು. ಯಾರರೆ ಏನರೆ ಕೇಳಿದ್ರ ನಮ್ಮವ್ವನ್ನ ಕೇಳ್ರಿ ಅನ್ನು, ಬ್ಯಾರೆ ಒಂದ ಮಾತ ಆಡಬ್ಯಾಡ ಎಂದು ಹೇಳಿಕೊಟ್ಟಿದ್ದಳು. ವೇಳಾಪತ್ರಿಕೆಯಲ್ಲಿ ಇಲ್ಲದ ಪಾಠ. ಅಂದಿನಿಂದ ಯಾರೂ ಕೇಳಲಿಲ್ಲ, ಅವಳನ್ನೂ ಕೇಳಲಿಲ್ಲ.

ಗೇಟು ಬಂತು. ವಾಂತಿ ಬಂದರೆ ಎಂದು ಸೆರಗಿನ ಒಳಗೆ ಹಿಡಿದಿದ್ದ ಹಳೆಯ ಟವೆಲ್ಲು ಬೇಕಾಗಲಿಲ್ಲ. ಮಂಗಲಾ ಗೇಟು ದಾಟಿದಳು, ಅಷ್ಟೇ. ಅದು ಯಾವಾಗಿನಿಂದ ಇಷ್ಟು ಸುಲಭವಾಗಿತ್ತೋ ಏನೋ.

ಹೆಡ್‌ಮಾಸ್ತರರ ಕೋಣೆಯಲ್ಲಿ ಸುಣ್ಣದ ವಾಸನೆ. ವಿರುಪಾಕ್ಷಪ್ಪ ದಪ್ಪ ಕನ್ನಡಕದವರು, ನಿಧಾನಸ್ಥರು. ಕುರ್ಚಿ ತೋರಿಸಿದರು.

“ಬರ್ರಿ ಅಕ್ಕಾರ, ಕೂಡ್ರಿ. ಏನವಾ, ಏನ ಹೆಸರ ನಿಂದು?”

ಮಂಗಲಾ ತಿರುಗಿ ಅವ್ವನನ್ನು ನೋಡಿದಳು. ಕಣ್ಣನ್ನಲ್ಲ, ತುಟಿಯನ್ನು.

ವಿರುಪಾಕ್ಷಪ್ಪನವರೂ ಅತ್ತ ನೋಡಿದರು. ಆಗಲೇ ಚಂದ್ರಮತಿಗೆ ತಿಳಿದದ್ದು: ತನ್ನ ತುಟಿಗಳು ‘ಮಂಗಲಾ’ ಎಂಬ ಆಕಾರಕ್ಕೆ ಬಂದು ನಿಂತಿದ್ದವು. ಬೆಳಿಗ್ಗೆ ಕನ್ನಡಿಯಲ್ಲಿ ಮಗು ನೋಡಿದ್ದೂ ಇದನ್ನೇ. ಎರಡು ವರ್ಷವೂ ಇದನ್ನೇ ಇರಬಹುದು.

“ಹಿಂಗ ಮಾಡೂಣು,” ಅಂದರು ಅವರು, ನೋವಾಗದ ಹಾಗೆ. “ನೀವು ಒಂದೀಟ ಹೊರಗ ನಿಂದರ್ರಿ. ನಾವಿಬ್ರು ಮಾತಾಡತೀವಿ. ಹೌದಿಲ್ಲವಾ?”

ಅವಳು ಎದ್ದಳು. ಹೋಗಬೇಡ ಎಂದು ಮಗು ಸೆರಗು ಹಿಡಿಯಬಹುದೆಂದು ಬಾಗಿಲಲ್ಲಿ ತುಸು ತಡೆದಳು. ಹಿಡಿಯಲಿಲ್ಲ.

ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ನಿಂತಳು. ಯಾವುದೋ ಕೋಣೆಯಿಂದ ಮಗ್ಗಿ ಕೇಳುತ್ತಿತ್ತು. ಒಂದು ದನಿ ಹೇಳುವುದು, ಐವತ್ತು ದನಿ ಅದನ್ನೇ ಹೇಳುವುದು. ಒಬ್ಬ ತಪ್ಪು ಹೇಳಿದರೂ ಆ ಗದ್ದಲದಲ್ಲಿ ಗೊತ್ತಾಗುವುದಿಲ್ಲ. ಆ ಸುಖವನ್ನು ತಾನು ಕಲಿಸಲಿಲ್ಲ ಅನಿಸಿತು. ತನ್ನ ತುಟಿಗಳು ಮತ್ತೆ ಆಡುತ್ತಿವೆ ಎಂದು ಗೊತ್ತಾಗಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಳು.

ಕಸ ಗುಡಿಸುತ್ತಿದ್ದ ಸಕ್ಕುಬಾಯಿ ಪೊರಕೆ ನಿಲ್ಲಿಸಿ ನೋಡಿದಳು.

“ಹೆಸರ ಹಚ್ಚಾಕ ಬಂದೀರೇನ್ರಿ ಬಾಯಾರ?”

“ಹೂಂ.”

“ಮೊದಲನೇ ಸರ್ತಿ ಎಲ್ಲಾರೂ ಅಳತಾರ್ರಿ. ಮಕ್ಕಳು ಸುಮ್ಮನಾಗತಾವ, ತಾಯಂದ್ರು ಹತ್ತ ಸಲ ಗೇಟಿಗೆ ಬರತಾರ.”

“ನಾ ಅಳಾಕತ್ತಿಲ್ಲ.”

“ಹಂಗಲ್ರಿ, ಮಾತಿಗಂದ್ನಿ,” ಸಕ್ಕುಬಾಯಿ ಗುಡಿಸುತ್ತ ಮುಂದೆ ಹೋದಳು.

ವಿರುಪಾಕ್ಷಪ್ಪ ಬಾಗಿಲಿಗೆ ಬಂದು ಕರೆದಾಗ ಅವರ ಮುಖದಲ್ಲಿ ನಗು ಅರ್ಧಕ್ಕೆ ನಿಂತಿತ್ತು.

“ಹೆಸರ ಕೇಳಿದ್ನಿರಿ. ನಮ್ಮವ್ವನ್ನ ಕೇಳ್ರಿ ಅಂದ್ಳು. ಮಗ್ಗಿ ಕೇಳಿದ್ನಿ. ನಮ್ಮವ್ವನ್ನ ಕೇಳ್ರಿ. ಚಾಷ್ಟಿ ಮಾಡತಾಳೇನೋ ಅಂತ, ನೀರಡಿಕಿ ಆಗೇತೇನವಾ ಅಂದ್ನಿ.” ಕನ್ನಡಕ ತೆಗೆದು ಒರೆಸಿದರು. “ಅದಕ್ಕೂ ನಿಮ್ಮನ್ನs ಕೇಳಬೇಕಂತ.”

“ಎಲ್ಲಾ ಬರತೈತ್ರಿ ಸರ ಅಕಿಗೆ.”

“ಬರತಿರಬೇಕ್ರಿ. ಇಲ್ಲ ಅನ್ನಾಂಗಿಲ್ಲ ನಾ.”

“ನಾ ಕೇಳ್ಲೇನ್ರಿ? ನಿಮ್ಮ ಮುಂದ?”

“ಕೇಳ್ರಿ ಮತ್ತ.”

ಅವಳು ಮಗುವಿನ ಎದುರು ಮಂಡಿಯೂರಿದಳು. ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡಳು. ಸೆರಗಿನೊಳಗಿಂದ ತನ್ನ ದನಿ ಬೇರೆ ಯಾರದೋ ಆಗಿ ಬಂತು. “ಏಳೆಂಟಲೆ ಎಷ್ಟ, ಮಂಗಲಾ?”

ಮಗು ಸೆರಗನ್ನು ನೋಡಿತು, ಅದರ ಹಿಂದೆ ಏನೋ ಕಾಣಬೇಕು ಎಂಬಂತೆ. ಆಮೇಲೆ ಹತ್ತಿರ ಬಂದು ಅವಳ ಕಿವಿಯಲ್ಲಿ ಅಂದಿತು:

“ಗಂಟಿ ಬಾರಿಸಿಲ್ಲಲ್ಲವ್ವಾ.”

“ಏನಂತಾಳ್ರಿ?” ವಿರುಪಾಕ್ಷಪ್ಪ ಕೇಳಿದರು.

“ಏನಿಲ್ರಿ.”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳಾಡಬಹುದಿತ್ತು.

“ನೋಡ್ರಿ ಅಕ್ಕಾರ, ನಾಕನೇ ಇಯತ್ತೆಗೆ ನಾ ಹ್ಯಾಂಗ ಕುಂದರಸಲಿ? ನೀವು ಎಲ್ಲಿಂದ ಬಿಡಿಸಿದ್ರಿ, ಅಲ್ಲೇ ತಂದ ಬಿಡ್ರಿ. ಎರಡನೇ ಇಯತ್ತೆ. ಅಲ್ಲಿಂದ ತಾನs ಮುಂದ ಹೋಗತಾಳ.”

“ಅಲ್ಲಿ ಇದ್ದವರೆಲ್ಲಾ ಈಗ ನಾಕನೇ ಇಯತ್ತೇದಾಗ ಅದಾರಲ್ರಿ.”

“ಅದು ಖರೆ,” ಅಂದರು ಅವರು.

ಎರಡನೇ ಇಯತ್ತೆಯ ಕೋಣೆಯನ್ನು ಹೊರಗಿನಿಂದ ತೋರಿಸಿದರು. ಮೊಣಕಾಲೆತ್ತರದ ಮಕ್ಕಳು. ಅವರ ನಡುವೆ ಹೊಸ ಲಂಗದ ಮಂಗಲಾಳನ್ನು ಕೂರಿಸಿ ನೋಡಲು ಚಂದ್ರಮತಿಯ ಮನಸ್ಸು ಯತ್ನಿಸಿತು. ಆಗಲಿಲ್ಲ. ವಿಚಾರ ಮಾಡಿ ಹೇಳುತ್ತೇವೆ ಅಂದಳು. ‘ಹೇಳುತ್ತೇವೆ’ ಅಂದರೆ ಯಾರು ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಅಷ್ಟೊತ್ತಿಗೆ ಒಳಗೆ ಎಲ್ಲೋ, ತಳದಲ್ಲಿ, ಒಂದು ಸಣ್ಣ ನೆಮ್ಮದಿ ಕದಲಿತು. ನಾಳೆಯೂ ಹಾಜರಿ ಇದೆ. ಅವಳಿಗೆ ತನ್ನ ಬಗ್ಗೆ ಭಯವಾಯಿತು.

ಕಾಕಾಸಾಹೇಬನ ಅಂಗಡಿಯ ಮುಂದೆ ಬೇಗ ಬೇಗ ನಡೆದಳು.

ಸಂಜೆ ಬೆಳಕಿರುವಾಗಲೇ ಮೂವರೂ ಉಂಡರು. ಹೊರಗೆ ಹುಡುಗಿಯರು ಕುಂಟಲಿಪಿ ಆಡುವ ಸದ್ದು. ಕಿಟಕಿ ಮುಚ್ಚಿತ್ತು.

“ಏನ ಕೇಳಿದ್ರ ನಮ್ಮ ಮಂಗಲಾಗ? ಏನ ಹೇಳಿದೀ ನೀನು?” ಅತ್ತೆ ಕೇಳಿದರು.

“ಅವ್ವನ್ನ ಕೇಳ ಆಯಿ,” ಅಂದಳು ಮಂಗಲಾ ಅಜ್ಜಿಗೆ.

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ತಾಟು ಎತ್ತಿಕೊಂಡು ಹೋದಳು.

ಬಚ್ಚಲ ಹತ್ತಿರ ಬಂದಾಗ ತಂಬಿಗೆಯ ಮೇಲಿನ ಅರಿವೆ ಸರಿಸಿ ನೋಡಿದಳು. ಕಂಠದ ತನಕ ನೀರು. ಮೇಲೆ ತೆಳ್ಳಗೆ ಹಸಿರು ಪೊರೆ, ಕೆಳಗಿನಿಂದ ಏಳುವ ವಾಸನೆ.

“ಇದರಾಗ ಈಗ ಏನೂ ಉಳಿದಿಲ್ರಿ ಅತ್ತ್ಯಾರ.”

“ನಿನಗ ಹ್ಯಾಂಗ ಗೊತ್ತು? ಇದ್ದಾಗ ಕಂಡಿದ್ದೇನು?” ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. “ಇರಲಿ. ಜುಗೂಳಕ್ಕ ಹೋಗಾವರು ಯಾರರೆ ಬರತಾರ.”

“ಅವ್ವಾ,” ಮಂಗಲಾ ಬೆನ್ನ ಹಿಂದೆ ಬಂದು ನಿಂತಿದ್ದಳು. “ಅವು ಸತ್ತಾವೇನು?”

ಇಡೀ ದಿನದಲ್ಲಿ ಮಗು ತಾನಾಗಿ ಕೇಳಿದ್ದು ಅದೊಂದೇ. ಚಂದ್ರಮತಿ ಬಾಯಿ ತೆರೆದಳು. ಆಯಿನ್ನ ಕೇಳು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿದಳು.

ಅಷ್ಟರಲ್ಲಿ ನಳ ಕೆಮ್ಮಿತು. ಸಂಜೆಯ ನೀರು. ಮಂಗಲಾ ಓಡಿ ಹೋಗಿ ಮಡಚಿದ ಬಟ್ಟೆಯನ್ನು ನಳದ ಬಾಯಿಗೆ ಕಟ್ಟಿದಳು. ಈ ಕೆಲಸದಲ್ಲಿ ಅವಳ ಕೈ ಯಾರ ಮುಖವನ್ನೂ ನೋಡುವುದಿಲ್ಲ. ಬಟ್ಟೆ ನೀರು ತುಂಬಿ ಊದಿಕೊಂಡಿತು, ಮಾತು ತುಂಬಿಕೊಂಡು ಹೇಳಲಾಗದ ಗಲ್ಲದ ಹಾಗೆ. ಕೊಡ ತುಂಬಿತು. ನಳ ನಿಂತಿತು. ಅವಳು ಗಂಟು ಬಿಚ್ಚಿ, ಬಟ್ಟೆಯ ನಾಲ್ಕೂ ಮೂಲೆ ಕೂಡಿಸಿ ಎತ್ತಿಕೊಂಡು ತಂಬಿಗೆಯ ಹತ್ತಿರ ಬಂದಳು.

ತಂಬಿಗೆಯಲ್ಲಿ ಜಾಗವಿರಲಿಲ್ಲ.

ಅವಳು ಹಾಗೆಯೇ ನಿಂತಳು. ಎರಡೂ ಕೈಯಲ್ಲಿ ಹಿಡಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕಲ್ಲಿನ ಮೇಲೆ, ಅವಳ ಪಾದದ ಮೇಲೆ. ಕತ್ತಲಾಗುತ್ತಿತ್ತು. ಮಗು ಮುಖವೆತ್ತಿ ಚಂದ್ರಮತಿಯ ತುಟಿಗಳನ್ನೇ ನೋಡುತ್ತಿತ್ತು. ಚಂದ್ರಮತಿ ಅವು ಅಲುಗದಂತೆ ಹಲ್ಲಿನಲ್ಲಿ ಕಚ್ಚಿ ಹಿಡಿದು ನಿಂತಿದ್ದಳು.