ಸರದಿಯ ಬಕೆಟ್ಟು

ಕಾನೂನು ಓದಲು ಹೊರಟವರಿಗೆ ಮೊದಲು ಹತ್ತುವುದು ವಿದ್ಯೆಯಲ್ಲ, ಗತ್ತು. ಡೆಲ್ಫಾಳಿಗೆ ಅದು ಒಂದೇ ವಾರದಲ್ಲಿ ನೆತ್ತಿಗೇರಿತ್ತು. ವಾರವೆಲ್ಲ ಇಲೊಇಲೊ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ, ಶನಿವಾರ ಬೆಳಿಗ್ಗೆ ಕಾಲೇಜು. ಮೊದಲ ವರ್ಷದ ಮೊದಲ ಪಾಠವೇ ಕಾನೂನಿನ ತತ್ವಶಾಸ್ತ್ರ. ಕಲಿಸುವವರು ಅಟರ್ನಿ ಪಾಲ್ಮಾರೆಸ್ ಮೇಡಂ. ಅವರು ವಿದ್ಯಾರ್ಥಿಗಳ ಹೆಸರು, ಫೋಟೋ ಇರುವ ಕಾರ್ಡುಗಳನ್ನು ಇಸ್ಪೀಟಿನ ಹಾಗೆ ಕಲಸಿ ಒಂದನ್ನು ಎಳೆಯುತ್ತಾರೆ. ಯಾರದು ಬಂತೋ ಅವರು ಎದ್ದು ನಿಂತು, ಮೇಡಂ ಸಾಕು ಅನ್ನುವವರೆಗೆ ಉತ್ತರ ಹೇಳುತ್ತಲೇ ಇರಬೇಕು. ಆ ಕಾರ್ಡು ಕಲಸುವ ಸದ್ದಿಗೆ ದಪ್ಪ ಮೀಸೆಯ ಗಂಡಸರೂ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ.

ಆ ಶನಿವಾರ ಬಂದದ್ದು ಡೆಲ್ಫಾಳ ಕಾರ್ಡು.

"ಕಾನೂನು ಅಂದ್ರೆ ಏನಮ್ಮ?"

"ಸರ್ಕಾರ ಬರೆದಿಟ್ಟಿದ್ದು ಮೇಡಂ. ಮೀರಿದ್ರೆ ಶಿಕ್ಷೆ ಇರೋದು."

"ಎಲ್ಲೂ ಬರೆದಿಲ್ಲ, ಮೀರಿದ್ರೆ ಪೊಲೀಸರೂ ಬರಲ್ಲ. ಅಂಥದ್ದು?"

"ಅದು ಕಾನೂನಲ್ಲ ಮೇಡಂ. ಬರೀ ಅಭ್ಯಾಸ."

ಮೇಡಂ ಕಾರ್ಡನ್ನು ಕಟ್ಟಿನೊಳಗೆ ಸೇರಿಸದೆ ಮೇಲೆಯೇ ಇಟ್ಟರು. "ಕೂತ್ಕೊ. ಆದ್ರೆ ಇನ್ನೂ ನಿಂತೇ ಇದೀನಿ ಅಂತ ತಿಳ್ಕೊ. ಮುಂದಿನ ಶನಿವಾರ ನಿನ್ನಿಂದಲೇ ಶುರು."

ಪಕ್ಕದಲ್ಲಿದ್ದವರು ಅಯ್ಯೋ ಪಾಪ ಎಂಬಂತೆ ನೋಡಿದರು. ಡೆಲ್ಫಾಳಿಗೆ ಮಾತ್ರ ತಾನು ಗೆದ್ದೆ ಎಂದೇ ಅನ್ನಿಸಿತು.

ಅವಳ ಓಣಿಗೆಲ್ಲ ಇರುವುದು ಒಂದೇ ನಲ್ಲಿ. ನೀರು ಬರುವುದು ಬೆಳಗಿನ ಜಾವದಿಂದ ಹತ್ತು ಗಂಟೆಯವರೆಗೆ, ಅದೂ ಸಣ್ಣಗೆ. ಅಷ್ಟು ಹೊತ್ತು ನಿಲ್ಲಲು ಯಾರಿಗೆ ಪುರುಸೊತ್ತು? ಎಲ್ಲರೂ ಸಾಲಿನಲ್ಲಿ ಬಕೆಟ್ಟು ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಯಾರು ಇರುತ್ತಾರೋ ಅವರು ತುಂಬಿದ್ದನ್ನು ಪಕ್ಕಕ್ಕೆ ಎತ್ತಿಟ್ಟು, ಉಳಿದವನ್ನು ಮುಂದಕ್ಕೆ ತಳ್ಳುತ್ತಾರೆ. ಬಕೆಟ್ಟು ನಿಂತಿದ್ದರೆ ಮನುಷ್ಯ ನಿಂತ ಲೆಕ್ಕ. ಇದನ್ನು ಯಾರು ಮಾಡಿದರು, ಯಾವಾಗ ಮಾಡಿದರು ಎಂದು ಕೇಳಿದರೆ ಓಣಿಯವರು ನಿಮಗೇ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಮಂಗಳವಾರ ಡೆಲ್ಫಾಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ಅವಳ ಬಕೆಟ್ಟಿನ ಮುಂದೆ, ನಲ್ಲಿಯ ಕೆಳಗೇ, ಹಿಡಿಗೆ ಕೆಂಪು ಬಟ್ಟೆ ಸುತ್ತಿದ ನೀಲಿ ಬಕೆಟ್ಟು ಇತ್ತು. ಇಟ್ಟವರ ಸುಳಿವಿಲ್ಲ. ಡೆಲ್ಫಾ ಅದನ್ನು ಎತ್ತಿ ಸಾಲಿನ ಕೊನೆಗೆ ಇಟ್ಟು, ತನ್ನದನ್ನು ನಲ್ಲಿಗೆ ಹಿಡಿದಳು.

"ಇಂದಾಯ್, ಅದು ಪುರಿಂಗ್‌ದು ಕಣೇ," ಎಂದಿತು ಹಿಂದಿನಿಂದ ಒಂದು ದನಿ. ಇಂದಾಯ್ ಅನ್ನುವುದು ಅಲ್ಲಿ ಮನೆಮಗಳನ್ನು ಕರೆಯುವ ರೀತಿ.

"ಇದ್ರೆ ಬಂದು ನಿಂತ್ಕೊಳ್ಲಿ. ಬಕೆಟ್ಟಿಗೆ ಸರದಿ ಉಂಟು ಅಂತ ಎಲ್ಲಿ ಬರೆದಿದೆ?"

ಡೆಲ್ಫಾ ತುಂಬಿದ ಬಕೆಟ್ಟು ಹೊತ್ತು ಬೀಗುತ್ತಾ ಹೋದಳು. ಸಂಜೆ ಬಂದಾಗ ವಿಷಯ ಗೊತ್ತಾಯಿತು. ಪುರಿಂಗ್ ಹೆರಿಗೆಯಾದ ಮಗಳನ್ನು ಕರೆತರಲು ಆಸ್ಪತ್ರೆಗೆ ಹೋಗಿದ್ದಳಂತೆ. ನೀಲಿ ಬಕೆಟ್ಟಿನ ಸರದಿ ಬರುವಷ್ಟರಲ್ಲಿ ನಲ್ಲಿ ನಿಂತುಹೋಗಿತ್ತು. ಬಾಣಂತಿ, ಹಸುಗೂಸು ಮನೆಗೆ ಬಂದಾಗ ಹನಿ ನೀರಿರಲಿಲ್ಲ. ಅಜ್ಜಿಯಾದ ಹೆಂಗಸು ಪಾತ್ರೆ ಹಿಡಿದು ಮನೆಮನೆ ಅಲೆದಳಂತೆ.

ಬೈದಿದ್ದರೆ ಡೆಲ್ಫಾ ವಾದ ಮಾಡುತ್ತಿದ್ದಳು. ಯಾರೂ ಬೈಯಲಿಲ್ಲ. ಬುಧವಾರ ಅವಳು ಬಕೆಟ್ಟು ಇಟ್ಟು ಸ್ನಾನ ಮುಗಿಸಿ ಬಂದರೆ, ಬಕೆಟ್ಟು ಇಟ್ಟಲ್ಲೇ ಇತ್ತು. ಯಾರೂ ಅದನ್ನು ಹಿಂದಕ್ಕೆ ಇಟ್ಟಿರಲಿಲ್ಲ, ಕದ್ದಿರಲಿಲ್ಲ, ಒದ್ದಿರಲಿಲ್ಲ. ಮುಂದಕ್ಕೆ ತಳ್ಳಿರಲಿಲ್ಲ, ಅಷ್ಟೇ. ಹಿಂದಿನವರ ಬಕೆಟ್ಟುಗಳೆಲ್ಲ ಅದನ್ನು ಬಳಸಿಕೊಂಡು ಮುಂದೆ ಹೋಗಿ ತುಂಬಿಕೊಂಡಿದ್ದವು. ಗುರುವಾರ ಅಮ್ಮನೇ ಊದಿದ ಮಂಡಿ ಹೊತ್ತು ಜಾವದಿಂದ ನಲ್ಲಿಯ ಹತ್ತಿರ ನಿಂತಳು. ಅಮ್ಮ ಸಕ್ಕರೆ ಹಚ್ಚಿ ಕರಿದ ಬಾಳೆಹಣ್ಣನ್ನು ಕಡ್ಡಿಗೆ ಚುಚ್ಚಿ ಮಾರುವವಳು. ಆ ದಿನ ಒಲೆಯೇ ಹೊತ್ತಲಿಲ್ಲ.

"ಇಪ್ಪತ್ತು ವರ್ಷದಿಂದ ಈ ಓಣೀಲಿ ಇದೀನಿ," ಎಂದಳು ಅಮ್ಮ, ಮಂಡಿಗೆ ಎಣ್ಣೆ ತಿಕ್ಕುತ್ತಾ. "ನನ್ನ ಬಕೆಟ್ಟಿಗೆ ಇದೇ ಮೊದಲ ಸಲ ದಿಕ್ಕಿಲ್ಲದ ಹಾಗಾಗಿದ್ದು. ಏನು ಓದ್ತಿದೀಯೋ ಏನೋ. ಹೀಗೇ ಆದ್ರೆ ಓಣಿ ಬಿಡ್ಬೇಕಾಗತ್ತೆ ಕಣೇ."

ಡೆಲ್ಫಾಳಿಗೆ ಕಣ್ಣು ತುಂಬಿತು. ತಾನು ತಪ್ಪು ಮಾಡಿದೆ ಎಂಬುದು ಅವಳಿಗೆ ನೀಲಿ ಬಕೆಟ್ಟನ್ನು ಎತ್ತಿದ ಕ್ಷಣವೇ ಗೊತ್ತಿತ್ತು. ಗೊತ್ತಿದ್ದೇ ಅಷ್ಟು ಜೋರಾಗಿ ಮಾತಾಡಿದ್ದಳು. ಶುಕ್ರವಾರ ಸಂಜೆ ಕಾಲೆಳೆದುಕೊಂಡು ಪುರಿಂಗ್ ಮನೆಗೆ ಹೋದಳು.

"ಓಹೋ, ಅಟರ್ನಿ ಸಾಹೇಬ್ರು! ಕುರ್ಚಿ ಒರೆಸ್ಲಾ?" ಎಂದಳು ಪುರಿಂಗ್, ಬಾಗಿಲಲ್ಲೇ.

"ತಪ್ಪಾಯ್ತು ಮನಾಂಗ್." ಮನಾಂಗ್ ಅಂದರೆ ಅಲ್ಲಿ ಅಕ್ಕ.

"ಎಂಥ ತಪ್ಪು? ಎಲ್ಲೂ ಬರೆದಿಲ್ವಲ್ಲ."

"ಬಯ್ಯಿ ಮನಾಂಗ್, ಎರಡೇಟು ಬೇಕಾದ್ರೂ ಹೊಡಿ. ಆದ್ರೆ ನಮ್ಮಮ್ಮ ಏನು ಮಾಡಿದ್ಲು? ಅವಳ ಮಂಡಿ ನಿಲ್ಲಕ್ಕೆ ಕೊಡಲ್ಲ."

ಒಳಗೆ ಮಗು ಅಳತೊಡಗಿತು. ಪುರಿಂಗ್ ಹೋಗಿ ಅದನ್ನು ಎತ್ತಿ ತಂದು ಡೆಲ್ಫಾಳ ಕೈಯಲ್ಲಿಟ್ಟಳು. "ಹಿಡ್ಕೋ. ಗಂಜಿ ಉಕ್ಕತ್ತೆ. ಕತ್ತು ಜೋಪಾನ, ಅದು ನಿನ್ನ ಪುಸ್ತಕ ಅಲ್ಲ." ಗಂಜಿ ಇಳಿಸಿ ಬಂದ ಮೇಲೂ ಅವಳು ಕ್ಷಮಿಸಿದೆ ಅನ್ನಲಿಲ್ಲ. "ನಾಳೆ ಬಕೆಟ್ಟು ಇಟ್ಟು ಕಾಲೇಜಿಗೆ ಹೋಗು," ಎಂದಳು, ಅಷ್ಟೇ.

"ಯಾರಾದ್ರೂ ಮುಂದಕ್ಕೆ ತಳ್ತಾರಾ?"

"ನಂಗೇನು ಗೊತ್ತು? ಓಣಿ ಅಂದ್ರೆ ನಾನೊಬ್ಬಳೇನಾ?"

ಶನಿವಾರ ಜಾವದಲ್ಲಿ ಡೆಲ್ಫಾ ಸಾಲಿನ ಕೊನೆಗೆ ಬಕೆಟ್ಟು ಇಟ್ಟು, ಅಮ್ಮನಿಗೆ ಮನೆಯಿಂದ ಕದಲಬೇಡ ಎಂದು ಆಣೆ ಹಾಕಿ, ಕಾಲೇಜಿಗೆ ಹೋದಳು. ಮೇಡಂ ಕಾರ್ಡು ಕಲಸಲೇ ಇಲ್ಲ. ಮೇಲಿನದನ್ನು ಎತ್ತಿ ಹಿಡಿದರು. ಡೆಲ್ಫಾ ಎದ್ದು ನಿಂತು ನಲ್ಲಿಯ ಕತೆಯನ್ನು ಒಂದೂ ಬಿಡದೆ ಹೇಳಿದಳು. ಕ್ಲಾಸಿನಲ್ಲಿ ನಗು ಎದ್ದಿತು.

"ಇದನ್ನೂ ಅಭ್ಯಾಸ ಅನ್ನಬಹುದಲ್ಲ?" ಎಂದರು ಮೇಡಂ.

"ಇಲ್ಲ ಮೇಡಂ. ನಾನು ದಿನಾ ಕಾಫಿ ಕುಡಿಯೋದು ಅಭ್ಯಾಸ. ಒಂದು ದಿನ ಬಿಟ್ರೆ ಯಾರಿಗೂ ಅನ್ಯಾಯ ಆಗಲ್ಲ. ಬಕೆಟ್ಟು ಎತ್ತಿದ್ರೆ ಆಗತ್ತೆ. ಎತ್ತಿದವಳಿಗೂ ಅದು ಗೊತ್ತಿರತ್ತೆ."

"ಹಾಗಾದ್ರೆ ಪೊಲೀಸರಿಲ್ಲದೆ, ಕೋರ್ಟಿಲ್ಲದೆ ಅದು ನಿಂತಿರೋದು ಯಾವುದರ ಮೇಲೆ?"

"ನಾನಿಲ್ದೇ ಇದ್ರೂ ನನ್ನ ಬಕೆಟ್ಟು ಮುಂದೆ ಹೋಗತ್ತೆ ಅನ್ನೋ ನಂಬಿಕೆ ಮೇಲೆ, ಮೇಡಂ."

"ಈಗ ಹೋಗ್ತಿದೆಯಾ?"

"ಗೊತ್ತಿಲ್ಲ ಮೇಡಂ. ಇನ್ನೂ ಸಾಲಿನಲ್ಲೇ ಇದೆ."

ಈ ಸಲ ಯಾರೂ ನಗಲಿಲ್ಲ. ಮೇಡಂ ಕಾರ್ಡನ್ನು ಕಟ್ಟಿನೊಳಗೆ ತೂರಿಸಿದರು. "ಕೂತ್ಕೋಮ್ಮ. ಈಗ ನಿಜವಾಗ್ಲೂ ಕೂತ್ಕೊ."

ಮಧ್ಯಾಹ್ನ ಜೀಪ್ನಿ ಬಸ್ಸಿನಿಂದ ಇಳಿದವಳೇ ಓಡಿದಳು. ನಲ್ಲಿ ಒಣಗಿತ್ತು, ಸಾಲು ಚದುರಿತ್ತು. ಅವಳ ಬಕೆಟ್ಟು ಇಟ್ಟಲ್ಲಿ ಇರಲಿಲ್ಲ. ಸುತ್ತ ಎಲ್ಲೂ ಕಾಣಲಿಲ್ಲ. ಎಸೆದೇಬಿಟ್ಟರು ಎಂದುಕೊಂಡು ಮನೆಯ ಕಡೆ ಕಾಲು ಹಾಕಿದಳು.

ಬಕೆಟ್ಟು ಅವಳ ಮನೆಯ ಮೆಟ್ಟಿಲ ಮೇಲಿತ್ತು. ಕಂಠಮಟ್ಟ ನೀರು. ತುಳುಕದ ಹಾಗೆ ಯಾರೋ ಮೇಲೊಂದು ಬಾಳೆಲೆಯ ತುಂಡು ತೇಲಿಬಿಟ್ಟಿದ್ದರು. ಪಕ್ಕದಲ್ಲಿ ಅಮ್ಮ ಕಾಲು ಚಾಚಿ ಕೂತು, ಒಲೆಯ ಮುಂದೆ ಬಾಳೆಹಣ್ಣು ಕರಿಯುತ್ತಿದ್ದಳು.

"ನೀನು ಹೋಗಿದ್ಯಾ ಅಮ್ಮ?"

"ಎದ್ದೇ ಇಲ್ಲ ಕಣೇ. ಪುರಿಂಗ್ ಹೊತ್ಕೊಂಡು ಬಂದ್ಲು. ಅಟರ್ನಿಗೆ ಹೇಳು ಅಂದ್ಲು."

"ಏನಂತ?"

"ಮೊದಲೂ ಅಲ್ಲ, ಕೊನೇಗೂ ಅಲ್ಲ, ನಿನ್ನ ಬಕೆಟ್ಟು ಅದರ ಸರದಿಗೇ ತುಂಬ್ತು ಅಂತ."

ಡೆಲ್ಫಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಬಾಳೆಲೆ ಸರಿಸಿ, ಎರಡೂ ಕೈಯಿಂದ ನೀರು ಮೊಗೆದು ಮುಖಕ್ಕೆ ಹಾಕಿಕೊಂಡಳು. ಅಳುತ್ತಿರುವುದು ಅಮ್ಮನಿಗೆ ಕಾಣದಿರಲಿ ಎಂದು ಇನ್ನೊಂದು ಸಲ ಹಾಕಿಕೊಂಡಳು.

"ನೀರು ದಂಡ ಮಾಡ್ಬೇಡ," ಎಂದಳು ಅಮ್ಮ.